ಇಪ್ಪತ್ತೊಂದು ಮತ್ತು ಒಂದು ಕೊಸರು

ಅಕ್ಕ ತೀರಿಕೊಂಡರೆಂದು ನನಗೆ ತಿಳಿಸಿದ್ದು ಮುಗಿದ ಕೈಗಳ ಒಂದು ಸಾಲು. ಬೆಳಿಗ್ಗೆ ಹಿಂದೂಪುರದ ನನ್ನ ಅಂಗಡಿ ತೆರೆದು, ಪ್ರಿಂಟರ್ ಬಿಸಿಯಾಗಲೆಂದು ಕಾಯುತ್ತ ಫೋನ್ ನೋಡಿದೆ. ಮೂರು ವರ್ಷದ ಹಿಂದೆ ಒಟ್ಟಿಗೆ ದಿಲ್ಲಿ, ಮಥುರಾ, ಆಗ್ರಾ, ಜೈಪುರ ನೋಡಿಬಂದವರ ವಾಟ್ಸಾಪ್ ಗುಂಪೊಂದಿದೆ. ದಿನಾ ಶುಭೋದಯ ಬಿಟ್ಟರೆ ಅದರಲ್ಲಿ ಬೇರೇನೂ ಬರುವುದಿಲ್ಲ. ಅವತ್ತು ಅಕ್ಕನ ಫೋಟೊ ಬಂದಿತ್ತು. ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾರೆ, ಕೊರಳಲ್ಲಿ ದಪ್ಪ ಸೇವಂತಿಗೆ ಹಾರ. ಕೆಳಗೆ ಹತ್ತು ಹನ್ನೆರಡು ಜನ ಕಳಿಸಿದ ಮುಗಿದ ಕೈಗಳು. ಅವುಗಳ ಮಧ್ಯೆ ಯಾರೋ 'ಓಂ ಶಾಂತಿ' ಅಂದಿದ್ದರು. ಅಲ್ಲಿಂದ ಮುಂದೆ ಎಲ್ಲರದೂ ಓಂ ಶಾಂತಿ. ಟೂರಿನಲ್ಲಿ ನಮ್ಮ ಜೊತೆಗಿದ್ದ ಜವಳಿ ಅಂಗಡಿಯ ಯಜಮಾನರು ನನಗೆ ಬೇರೆಯಾಗಿ ಬರೆದಿದ್ದರು: 'ಫ್ಲೆಕ್ಸ್ ನೀವೇ ಮಾಡಿ. ನಾಲ್ಕು ಒಳ್ಳೆ ಮಾತು ಸೇರಿಸಿ.'

ಫ್ಲೆಕ್ಸ್ ಮಾಡುವುದು ನನ್ನ ಕಸುಬು. ಹುಟ್ಟುಹಬ್ಬ, ಸೀಮಂತ, ಲೀಡರುಗಳ ಸ್ವಾಗತ, ಸಾವು, ಎಲ್ಲಕ್ಕೂ ಮಾಡುತ್ತೇನೆ, ತೆಲುಗಿನಲ್ಲೂ ಕನ್ನಡದಲ್ಲೂ. ಸಾವಿಗೆ ಸಿದ್ಧ ಫೈಲ್ ಇದೆ: ನೀಲಿ ಮೋಡ, ಎರಡು ದೀಪ, ಒಂದು ಪಾರಿವಾಳ. ಫೋಟೊ ಮತ್ತು ಹೆಸರು ಬದಲಿಸಿದರೆ ಐದು ನಿಮಿಷದ ಕೆಲಸ. ಅವತ್ತು ಮಧ್ಯಾಹ್ನವಾದರೂ ಮುಗಿಯಲಿಲ್ಲ. 'ಮಮತಾಮಯಿ' ಅಂತ ಹಾಕಿದೆ, ಅಳಿಸಿದೆ. 'ಸದಾ ಹಸನ್ಮುಖಿ' ಅಂತ ಹಾಕಿದೆ. ಅಕ್ಕ ನಕ್ಕದ್ದನ್ನು ನಾನು ಎರಡು ಸಲ ನೋಡಿದ್ದೇನೆ, ಎರಡು ಸಲವೂ ಬೇರೆಯವರು ಜಾರಿ ಬಿದ್ದಾಗ.

ಕೈ ಓಡದಿರುವುದಕ್ಕೆ ಕಾರಣ ಬೇರೆ ಇತ್ತು. ಅವರಿಗೆ ಒಂದು ಮಾತು ಹೇಳಬೇಕಾಗಿತ್ತು, ಮೂರು ವರ್ಷದಿಂದ ಹೇಳಿರಲಿಲ್ಲ. ಆಗ್ರಾದಲ್ಲಿ ನಮ್ಮ ಬಸ್ಸು ನನ್ನ ಅಮ್ಮನನ್ನು ಬಿಟ್ಟು ಹೊರಟಿತ್ತು. ತಪ್ಪು ನನ್ನದು. ಅಕ್ಕ ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡರು, ಅದರಿಂದ ಟೂರ್ ಮ್ಯಾನೇಜರಿನ ಕೆಲಸವನ್ನೇ ಕಳೆದುಕೊಂಡರು. ಅವರು ಒಪ್ಪಿಕೊಳ್ಳುವಾಗ ನಾನು ಪಕ್ಕದ ಕುರ್ಚಿಯಲ್ಲಿ ಕೂತು ಫ್ಯಾನು ನೋಡುತ್ತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಒಂದು ಸಲ ಬರೆದೆ, ಅಷ್ಟು ಸಾಕು. ನಾವೆಲ್ಲ ಕರೆಯುತ್ತಿದ್ದದ್ದು ಅಕ್ಕ ಅಂತಲೇ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಕಲ್ಯಾಣದುರ್ಗದವರು. ಟೂರುಗಳಿಗೆ ಬರುವ ಮೊದಲು ಹಿಂದೂಪುರದ ಸಂತೆಯಲ್ಲಿ ಪುರಿ, ಕಡಲೆ, ಹುಣಿಸೆಹಣ್ಣು ಅಳೆದು ಮಾರುತ್ತಿದ್ದರು. ಬಲಗೈ ಹೆಬ್ಬೆರಳು ಸ್ವಲ್ಪ ಹಿಂದಕ್ಕೆ ಬಾಗಿತ್ತು. ಸೇರಿನ ಅಂಚು ಹಿಡಿದೂ ಹಿಡಿದೂ ಹಾಗಾಯಿತು ಅನ್ನುತ್ತಿದ್ದರು. ಹುಟ್ಟಿನಿಂದಲೇ ಹಾಗಿತ್ತು ಅಂತಲೂ ಒಮ್ಮೆ ಅಂದಿದ್ದರು. ಟ್ರಾವೆಲ್ಸಿನವರು ಮೊದಲು ಅವರನ್ನು ಕರೆದುಕೊಂಡು ಹೋದದ್ದು ಅಡಿಗೆಗೆ. ಮಥುರಾದಲ್ಲಿ ಮ್ಯಾನೇಜರಿಗೆ ಜ್ವರ ಬಂದು ಮಲಗಿದಾಗ ಅಕ್ಕನೇ ಎಲ್ಲರನ್ನೂ ಊರು ಮುಟ್ಟಿಸಿದರಂತೆ. ಇನ್ನೊಂದು ಸಲ ಹೇಳುವಾಗ ಜ್ವರ ಇರಲಿಲ್ಲ, ಮ್ಯಾನೇಜರು ಕುಡಿದು ಬಿದ್ದಿದ್ದ. ಎರಡು ಕತೆಗೂ ಕೊನೆ ಒಂದೇ: "ಹೋದೋರ್ನೆಲ್ಲಾ ಎಣ್ಸಿ ವಾಪಸ್ ಕರ್ಕಂಡ್ ಬಂದ್ಬುಟ್ಟೆ. ಮ್ಯಾನೇಜರ್ಗೆ ಇದಕ್ಕಿಂತ ಇನ್ನೇನ್ ಬರ್ಬೇಕು ಹೇಳು?"

ಎಣಿಸುವುದನ್ನು ನೋಡಬೇಕಿತ್ತು. ಬಸ್ಸು ಹೊರಡುವ ಮೊದಲು ಹಿಂದಿನಿಂದ ಮುಂದಕ್ಕೆ ಬರುತ್ತ ಒಬ್ಬೊಬ್ಬರ ನೆತ್ತಿಯ ಮೇಲೂ ಅಂಗೈ ಇಡುತ್ತಿದ್ದರು. ಮನೆಮಾತು ಕನ್ನಡ, ಆದರೆ ಎಣಿಕೆ ಸಂತೆಯ ತೆಲುಗಿನಲ್ಲಿ. ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಮೊದಲ ಸೇರಿಗೆ ಲಾಭ ಅನ್ನುತ್ತಾರೆ. ಏಳನ್ನೂ ಬಾಯಲ್ಲಿ ತರುವುದಿಲ್ಲ, ತೆಲುಗಿನ 'ಏಡು' ಅಳುವಿನ ಮಾತೂ ಹೌದು. ಹಾಗಾಗಿ, "ಲಾಭಂ, ರೆಂಡು, ಮೂಡು, ನಾಲುಗು, ಐದು, ಆರು, ಆರುನ್ನೊಕ್ಕಟಿ, ಎನಿಮಿದಿ..." ಏಳನೆಯ ಸೀಟಿನಲ್ಲಿದ್ದವನು ನಾನು. ಆರು ದಿನವೂ ಆರರ ಮೇಲೊಂದಾಗಿಯೇ ಇದ್ದೆ.

ಜವಳಿ ಅಂಗಡಿಯವರಿಗೆ ತಲೆ ಮುಟ್ಟುವುದು ಆಗುತ್ತಿರಲಿಲ್ಲ. "ಅಕ್ಕಾ, ನಿನ್ನೆ ತಾನೇ ಡೈ ಹಾಕಿದೀನಿ," ಅಂದರು.

"ಬಣ್ಣ ಅಂಟಿದ್ರೆ ನನ್ ಕೈಗೆ ತಾನೆ ಅಂಟೋದು? ನಷ್ಟ ನಂದು. ಬಗ್ಗು," ಅಂದರು ಅಕ್ಕ.

ದಿಲ್ಲಿಯಲ್ಲಿ ಅವರು ಹಿಂದಿ ಮಾತಾಡಲಿಲ್ಲ. ತೆಲುಗು, ಕನ್ನಡ ಎರಡನ್ನೂ ಕಲಸಿ, ಊರಲ್ಲಿ ಮಾತಾಡುವ ವೇಗದಲ್ಲೇ ಮಾತಾಡುತ್ತಿದ್ದರು. ಕೆಂಪುಕೋಟೆಯ ಎದುರು ಒಬ್ಬ ಆಟೊದವನು ಹಿಂದಿಯಲ್ಲಿ ಜಗಳ ತೆಗೆದ, ಅಕ್ಕ ತೆಲುಗಿನಲ್ಲಿ ಎತ್ತಿಕೊಂಡರು. ಹತ್ತು ನಿಮಿಷ ನಡೆಯಿತು, ಒಂದು ಮಾತೂ ವ್ಯರ್ಥವಾಗಲಿಲ್ಲ, ಕೊನೆಗೆ ಅವನೇ ನಕ್ಕು ಗಾಡಿ ಹಿಂದೆ ತೆಗೆದ. ಯಾವ ಸ್ಮಾರಕಕ್ಕೆ ಹೋದರೂ ಅಕ್ಕನಿಗೆ ಗೊತ್ತಿದ್ದದ್ದು ಒಂದೇ ವಿಷಯ, ಶೌಚಾಲಯ ಎಲ್ಲಿದೆ ಅನ್ನುವುದು. ಕುತುಬ್ ಮಿನಾರಿನ ಗೈಡು ಇಂಗ್ಲಿಷಿನಲ್ಲಿ ರಾಜರ ಹೆಸರು ಹೇಳುತ್ತಿದ್ದರೆ ಇವರು ಹಿಂದಿನಿಂದ, "ಹೆಣ್ಮಕ್ಳು ಎಡಕ್ಕೆ, ಗಂಡುಸ್ರು ಆ ಬೇಲಿ ದಾಟಿ. ಇಲ್ ಬಿಟ್ರೆ ಮಥುರಾವರ್ಗೂ ಇಲ್ಲ!" ಅನ್ನುತ್ತಿದ್ದರು. ನನಗೆ ಇವತ್ತಿಗೂ ಒಬ್ಬ ರಾಜನ ಹೆಸರೂ ನೆನಪಿಲ್ಲ. ಬೇಲಿ ನೆನಪಿದೆ.

ಅದೆಷ್ಟು ಸಲ ಆಗ್ರಾಕ್ಕೆ ಹೋಗಿದ್ದರೋ, ತಾಜ್ ಮಹಲಿನೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಯಾಕಕ್ಕಾ ಅಂದರೆ, "ಅದು ಎಲ್ಗೂ ಹೋಗಲ್ಲ ಕಣಪ್ಪ. ಹೋಗೋರು ನೀವು. ನಾನು ನಿಮ್ಮನ್ನ ನೋಡ್ಕಂಡಿರ್ತೀನಿ," ಅಂದರು.

ಇಷ್ಟು ಬರೆದ ಮೇಲೆ ಅನುಮಾನ ಶುರುವಾಗುತ್ತದೆ. ಮಾತುಗಳು ಇಷ್ಟು ಚೆನ್ನಾಗಿ ಬಂದು ಕೂರುತ್ತಿವೆಯೆಂದರೆ ನಾನೇ ಎಲ್ಲೋ ಉಜ್ಜಿ ಹೊಳಪು ಹಾಕಿರಬೇಕು. ಅಕ್ಕ ದಿನವಿಡೀ ಹೀಗೆ ಮಾತಾಡುತ್ತಿರಲಿಲ್ಲ. ಹೆಚ್ಚು ಹೊತ್ತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ರೇಗುತ್ತಿದ್ದರು. ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು.

ಇನ್ನು ಅಮ್ಮ. ಅಮ್ಮ ರೊದ್ದಂ ಕಡೆಯ ಹಳ್ಳಿಯವಳು. ಅಪ್ಪ ಹೋದ ಮೇಲೆ ಹಿಂದೂಪುರಕ್ಕೆ ನಮ್ಮ ಜೊತೆ ಬಂದಳು. ಒಂದು ಸಲ ತಲೆ ಸುತ್ತಿ ಬಿದ್ದಿದ್ದಳು, ಒಂದೇ ಸಲ. ಅಂದಿನಿಂದ ನಾನು, ನನ್ನ ಹೆಂಡತಿ, ನನ್ನ ತಂಗಿ, ಮೂವರೂ ಸೇರಿ ಅವಳನ್ನು ಒಂಟಿಯಾಗಿ ಬಿಟ್ಟವರಲ್ಲ. ರಸ್ತೆ ದಾಟುವಾಗ ಕೈ ಹಿಡಿಯುತ್ತಿದ್ದೆವು. ಗುಡಿಗೆ ಹೋದರೆ ಜೊತೆಗೊಬ್ಬರು ಇರಲೇಬೇಕು. ಬಚ್ಚಲಿಗೆ ಹೋದರೆ, "ಅಮ್ಮಾ, ಚಿಲಕ ಹಾಕ್ಬ್ಯಾಡ." ನಮ್ಮನ್ನು ನೋಡಿದವರು ಎಂಥ ಮಕ್ಕಳು ಅನ್ನುತ್ತಿದ್ದರು. ನಮಗೂ ಹಾಗೇ ಅನ್ನಿಸುತ್ತಿತ್ತು.

ಟೂರಿಗೆ ನನ್ನ ಹೆಸರೊಂದೇ ಕೊಟ್ಟಿದ್ದೆ. ಹೊರಡಲು ಎರಡು ವಾರ ಇದ್ದಾಗ ಅಮ್ಮ, "ನಾನೂ ಬತ್ತೀನಿ," ಅಂದಳು. ದಿಲ್ಲಿಯಿಂದ ಮುಂದೆ ಓಡುವ ಮಿನಿ ಬಸ್ಸಿಗೆ ಇಪ್ಪತ್ತೊಂದೇ ಸೀಟು, ಎಲ್ಲ ತುಂಬಿದ್ದವು. ಅಕ್ಕನನ್ನು ಕೇಳಿದೆ. ಅವರು ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಕೊಸರಾಗಿ ಬರ್ಲಿ ಬಿಡು," ಅಂದರು. ಸೇರು ಅಳೆದಾದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದು ಕೊಸರು. ಅದಕ್ಕೆ ಎಣಿಕೆ ಇಲ್ಲ. ಅಮ್ಮನಿಗೆ ಡ್ರೈವರ್ ಪಕ್ಕದ ಕ್ಯಾಬಿನ್ನಿನಲ್ಲಿ ಜಾಗ ಸಿಕ್ಕಿತು. ನಮಗೂ ಕ್ಯಾಬಿನ್ನಿಗೂ ನಡುವೆ ಗಾಜು, ಅದಕ್ಕೆ ಪರದೆ. ನನ್ನ ಸೀಟು ಕೊಡುತ್ತೇನೆ ಅಂದರೆ ಒಪ್ಪಲಿಲ್ಲ. "ಇಲ್ಲಿ ರಸ್ತೆ ಎಲ್ಲಾ ಕಾಣ್ತೈತೆ, ಹೋಗು," ಅಂದಳು.

ಹಾಗಾಗಿ ಎಣಿಕೆಗೆ ಒಂದು ಬಾಲ ಸೇರಿತು. ಇಪ್ಪತ್ತೊಂದನೆಯ ನೆತ್ತಿ ಮುಟ್ಟಿ ಅಕ್ಕ, "ಕೊಸರು?" ಎಂದು ಕೂಗುತ್ತಿದ್ದರು. ಪರದೆಯ ಆಚೆಯಿಂದ ಅಮ್ಮ ಗಾಜು ತಟ್ಟುತ್ತಿದ್ದಳು. ಬಸ್ಸು ಹೊರಡುತ್ತಿತ್ತು.

ಆಗ್ರಾದಲ್ಲಿ ತಾಜ್ ಮಹಲ್ ನೋಡಿಕೊಂಡು ಪಾರ್ಕಿಂಗಿಗೆ ಬಂದಾಗ ಮಧ್ಯಾಹ್ನ. ಎಲ್ಲರೂ ಬಿಸಿಲಿಗೆ ಬಾಡಿದ್ದರು. ಅಮ್ಮನನ್ನು ಕ್ಯಾಬಿನ್ನಿನ ಬಾಗಿಲವರೆಗೆ ಬಿಟ್ಟು ನಾನು ಹಿಂದೆ ಹತ್ತಿದ್ದೆ. ಅಕ್ಕ ಇಪ್ಪತ್ತೊಂದು ತಲೆ ಎಣಿಸಿಕೊಂಡು ಬಂದರು. "ಇರವೈ ಒಕಟಿ. ಕೊಸರು?" ಅಂದರು. ನಾನು ಫೋನಿನಲ್ಲಿ ತಾಜ್ ಮಹಲಿನ ಮೂವತ್ತು ಫೋಟೊಗಳಲ್ಲಿ ಯಾವುದನ್ನು ಸ್ಟೇಟಸ್ಸಿಗೆ ಹಾಕಲಿ ಎಂದು ನೋಡುತ್ತಿದ್ದೆ. ತಲೆ ಎತ್ತದೆ, "ಹ್ಞೂ, ಹತ್ತಿದಾಳೆ," ಅಂದೆ.

ಗಾಜು ತಟ್ಟಿದ ಸದ್ದು ಕೇಳಿಸಿತ್ತು ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಇಲ್ಲ, ಕೇಳಿಸಿರಲಿಲ್ಲ. ಆ ಸದ್ದನ್ನು ಆಮೇಲೆ, ನನ್ನನ್ನು ಉಳಿಸಿಕೊಳ್ಳಲು, ನಾನೇ ಸೇರಿಸಿಕೊಂಡದ್ದು.

ಜೈಪುರದ ದಾರಿಯಲ್ಲಿ ಒಂದು ಗಂಟೆ ಹೋದ ಮೇಲೆ ಚಹಾಕ್ಕೆ ನಿಲ್ಲಿಸಿದರು. ಅಮ್ಮನಿಗೆ ಮಾತ್ರೆ ಕೊಡಲು ಕ್ಯಾಬಿನ್ನಿಗೆ ಹೋದೆ. ಒಂದು ಟವೆಲು, ಅರ್ಧ ನೀರಿದ್ದ ಬಾಟಲಿ, ಅಷ್ಟೇ ಇದ್ದದ್ದು. ಮಾತಾಜಿ ಬಿಸಿಲಿಗೆ ಹಿಂದೆ ಹೋಗಿ ಮಲಗಿದ್ದಾರೆ ಅಂದುಕೊಂಡಿದ್ದನಂತೆ ಡ್ರೈವರ್.

ಅಕ್ಕ ಕೂಗಾಡಲಿಲ್ಲ. ಸ್ಟವ್, ರವೆ, ಎಣ್ಣೆ ಕೆಳಗಿಳಿಸಿದರು. "ಉಪ್ಪಿಟ್ಟು ಮಾಡ್ಕಂಡು ತಿನ್ರಿ. ನಾವು ಬರೋಗಂಟ ಒಬ್ರೂ ಈ ಮರದ ನೆಳ್ಳು ದಾಟ್ಕೂಡ್ದು," ಅಂದರು. ಜವಳಿ ಅಂಗಡಿಯವರು ಜೈಪುರದ ಹೋಟೆಲಿನ ಮಾತೆತ್ತಿದಾಗ ಈರುಳ್ಳಿಯನ್ನೂ ಚಾಕುವನ್ನೂ ಅವರ ಕೈಗೆ ಕೊಟ್ಟರು. ಆಮೇಲೆ ಒಂದು ಆಟೊ ಹಿಡಿದು ನನ್ನನ್ನು ಒಳಗೆ ನೂಕಿದರು.

ವಾಪಸು ಆಗ್ರಾಕ್ಕೆ ಹೋದ ಆ ದಾರಿಯ ಬಗ್ಗೆ ನನ್ನ ಹತ್ತಿರ ಏನೂ ಇಲ್ಲ. ಹೊಲ ಇತ್ತೋ ಊರು ಇತ್ತೋ ತಿಳಿಯದು. ಅಕ್ಕ ಕೇಳಿದ್ದು ಒಂದೇ: "ಸೊಂಟ್ದಾಗೆ ಚೀಟಿ ಐತೆ ತಾನೆ?" ಅಮ್ಮನ ಹತ್ತಿರ ಫೋನ್ ಇರಲಿಲ್ಲ. ಅಕ್ಕ ಪ್ರತಿಯೊಬ್ಬರಿಗೂ ಬಸ್ ನಂಬರು, ತನ್ನ ಫೋನ್ ನಂಬರು ಬರೆಸಿದ ಚೀಟಿ ಕೊಟ್ಟಿದ್ದರು. ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಗಂಡಸರು ಜೇಬಿಗೆ ಹಾಕಿಕೊಳ್ಳಬೇಕು.

"ಐತೆ ಅಕ್ಕಾ. ಬೆಳಿಗ್ಗೆ ನಾನೇ ನೋಡ್ದೆ."

"ಹಂಗಾದ್ರೆ ಯಾರ್ಗಾದ್ರೂ ತೋರಿಸ್ತಾಳೆ. ಫೋನ್ ಬತ್ತೈತೆ." ಫೋನನ್ನು ಮಡಿಲಲ್ಲಿಟ್ಟುಕೊಂಡರು. ಅದು ಬಡಿದುಕೊಳ್ಳಲೇ ಇಲ್ಲ.

ಅಮ್ಮ ಪಾರ್ಕಿಂಗಿನ ಮೂಲೆಯ ಬೇವಿನ ಮರದ ಕೆಳಗಿದ್ದಳು. ಬಾಚಣಿಗೆ, ಪಿನ್ನು ಮಾರುವ ಒಬ್ಬ ಹೆಂಗಸಿನ ಪಕ್ಕ ಕಾಲು ಚಾಚಿ ಕೂತು ಉಪ್ಪು ಹಚ್ಚಿದ ಸೀಬೆಹಣ್ಣು ತಿನ್ನುತ್ತಿದ್ದಳು. ಚಪ್ಪಲಿ ಒಂದು ಕಡೆ ಬಿದ್ದಿದ್ದವು. ನಾನು ಓಡಿಹೋಗಿ ಅವಳ ಕಾಲ ಹತ್ತಿರ ಕುಸಿದು ಅತ್ತೆ. ಇದು ನನ್ನ ನೆನಪು. ಅಮ್ಮನ ಪ್ರಕಾರ ಮೊದಲು ಬೈದೆ, ಆಮೇಲೆ ಅತ್ತೆ. ಅವಳು ಹೇಳಿದ್ದೇ ಸರಿ ಇರಬೇಕು.

ಅಮ್ಮ ನಮ್ಮನ್ನು ನೋಡಿ, "ಬಂದ್ರಾ," ಅಂದಳು. ನಾವು ಹೊತ್ತಿಗೆ ಸ್ವಲ್ಪ ಮುಂಚೆಯೇ ಬಂದೆವು ಅನ್ನುವ ಹಾಗಿತ್ತು ಆ ದನಿ.

ಅಕ್ಕ ಏನೂ ಕೇಳಲಿಲ್ಲ. ಅಂಗೈಯನ್ನು ಅಮ್ಮನ ನೆತ್ತಿಯ ಮೇಲಿಟ್ಟರು. ಅಷ್ಟು ದಿನದಲ್ಲಿ ಅವರು ಅಮ್ಮನ ತಲೆ ಮುಟ್ಟಿದ್ದು ಅದೇ ಮೊದಲು. ಮೆಲ್ಲಗೆ, "ಲಾಭಂ," ಅಂದರು. ಆಮೇಲೆ ಬಾಚಣಿಗೆಯವಳ ಹತ್ತಿರ ಬೇಡದಿದ್ದರೂ ನಾಲ್ಕು ಬಾಚಣಿಗೆ ಕೊಂಡರು.

ಊರಿಗೆ ಬಂದ ಮೇಲೆ ಯಾರೋ ದೂರು ಹೇಳಿದರು. ಟ್ರಾವೆಲ್ಸಿನ ಓನರು ಅಕ್ಕನನ್ನೂ ನನ್ನನ್ನೂ ಕರೆಸಿದರು. "ಏಮೈಂದಿ ಅಕ್ಕಾ?" ಎಂದು ತೆಲುಗಿನಲ್ಲಿ, ಏನಾಯಿತೆಂದು ಕೇಳಿದರು.

"ನಂದೇ ತಪ್ಪು. ಕೊಸರ್ನ ಮುಟ್ಟಿ ನೋಡ್ಲಿಲ್ಲ," ಅಂದರು ಅಕ್ಕ.

ಓನರು ನನ್ನ ಕಡೆ ತಿರುಗಿದರು. ಮೇಲೆ ಫ್ಯಾನು ಸುತ್ತುತ್ತಿತ್ತು. ನಾನು ಹ್ಞೂ ಅಂದೆನೆಂಬ ಮಾತನ್ನು ಅಕ್ಕ ಆಡಲಿಲ್ಲ. ನಾನೂ ಆಡಲಿಲ್ಲ. ಉತ್ತರದ ಟೂರುಗಳಿಂದ ಅವರನ್ನು ತೆಗೆದರು. ಸ್ವಲ್ಪ ದಿನ ಹತ್ತಿರದ ಕ್ಷೇತ್ರಗಳಿಗೆ ಹೋಗುವ ಬಸ್ಸುಗಳಲ್ಲಿ ಅಡಿಗೆ ಮಾಡಿದರು, ಆಮೇಲೆ ಕಲ್ಯಾಣದುರ್ಗಕ್ಕೆ ಹೋದರು ಅಂತ ಕೇಳಿದೆ. ಹೋಗಿ ನೋಡಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡೆ. ಭಾನುವಾರ ಮದುವೆ ಫ್ಲೆಕ್ಸುಗಳ ಗಡಿಬಿಡಿ. ಇದು ನೆಪ.

ಕೊನೆಗೆ ಮೋಡ, ದೀಪ, ಪಾರಿವಾಳ ಎಲ್ಲ ತೆಗೆದು, ಫೋಟೊ, ಹೆಸರು, ಕೆಳಗೆ ತೆಲುಗಿನಲ್ಲಿ ಒಂದೇ ಸಾಲು ಹಾಕಿದೆ: 'ಹೋದವರನ್ನೆಲ್ಲ ಎಣಿಸಿ, ತಾಯಿಯಂತೆ ಮನೆಗೆ ಕರೆತಂದವರು.' ಪ್ರಿಂಟ್ ತೆಗೆದು ಸುತ್ತಿ, ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಸುದ್ದಿ ಕೇಳಿದಾಗಿನಿಂದ ಅಮ್ಮ ಊಟ ಬಿಟ್ಟಿದ್ದಳು. ನಾನೂ ಬತ್ತೀನಿ ಅಂದಳು. ಸಾವಿನ ಮನೆಗೆ ಬೇಡ, ತಲೆ ಸುತ್ತೀತು ಅಂದೆ. ಬಾಗಿಲಲ್ಲೇ ಕೂತಳು.

ಪರಿಗಿ ದಾಟಿತು, ರೊದ್ದಂ ದಾಟಿತು. ಬಸ್ಸಿನಲ್ಲಿ ಮನಸ್ಸಿನೊಳಗೆ ಮಾತು ಜೋಡಿಸುತ್ತಿದ್ದೆ. ಸತ್ತವರ ಫೋಟೊದ ಮುಂದೆ ಹೇಳಿದರೆ ಹೇಳಿದ ಹಾಗಾಗುತ್ತದೆಯೇ? ಅಲ್ಲಿ ಜನ ಇದ್ದರೆ ಹೇಗೆ?

ಬೆಟ್ಟದ ಕೆಳಗಿನ ಬೀದಿಯಲ್ಲಿ ಮನೆ. ಮುಂದೆ ಶಾಮಿಯಾನ ಇರಲಿಲ್ಲ, ಕುರ್ಚಿ ಇರಲಿಲ್ಲ. ಜಗಲಿಯ ಮೇಲೆ ಕಾಲು ನೀಡಿಕೊಂಡು, ಮೊರದಲ್ಲಿ ಕಡಲೆಕಾಯಿ ಬೀಜ ಹಸನು ಮಾಡುತ್ತ ಅಕ್ಕ ಕೂತಿದ್ದರು.

ನಿಂತಲ್ಲೇ ನಿಂತೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರದು? ಓ, ಆರುನ್ನೊಕ್ಕಟಿ! ಬಾರ್ಲಾ. ಏನ್ಲಾ ಕಂಕುಳಾಗೆ, ಚಾಪೆ ತಂದ್ಯಾ?"

ಸುರುಳಿಯನ್ನು ಬೆನ್ನ ಹಿಂದೆ ಸರಿಸಿದೆ. ಅವರೇ ಎಳೆದುಕೊಂಡು ಬಿಚ್ಚಿದರು. ಜಗಲಿಯ ಉದ್ದಕ್ಕೂ ಹಾಸಿಕೊಂಡಿತು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ, ನನ್ನನ್ನು ನೋಡಿ, ಮತ್ತೆ ಫೋಟೊ ನೋಡಿ, "ಫೋಟೊ ಚೆನ್ನಾಗೈತೆ. ಯಾವತ್ತಂತೆ ನಾನು ಹೋಗಿದ್ದು?" ಎಂದು ಕೇಳಿದರು.

ವಾಟ್ಸಾಪ್ ತೆಗೆದು ತೋರಿಸಿದೆ. ಒಳಗಿನಿಂದ ಬಂದ ಅವರ ತಂಗಿಯ ಮಗಳು ನಾಲಿಗೆ ಕಚ್ಚಿಕೊಂಡಳು. ಫೋಟೊ ಹಾಕಿದ್ದು ಅವಳೇ. ಬೀದಿಯ ಮಹಿಳಾ ಸಂಘದವರು ಅಕ್ಕನಿಗೆ ಸನ್ಮಾನ ಮಾಡಿ ಹಾರ ಹಾಕಿದ್ದರು, ಅದರ ಫೋಟೊ. ಫೋಟೊಕ್ಕೂ ಮೊದಲೇ ಅದನ್ನು ಒಂದು ಸಾಲಿನಲ್ಲಿ ಬರೆದೂ ಇದ್ದಳು. ಮೊದಲ ಕೆಲವರು ಕೈ ಮುಗಿದದ್ದು ಸನ್ಮಾನಕ್ಕೆ. ಆಮೇಲೆ ಬಂದವರೊಬ್ಬರು ಹಾರವನ್ನೂ ಕೈಗಳನ್ನೂ ನೋಡಿ ಓಂ ಶಾಂತಿ ಅಂದರು. ಅದಾದ ಮೇಲೆ ಬಂದ ಯಾರೂ ಮೇಲಕ್ಕೆ ಎಳೆದು ನೋಡಲಿಲ್ಲ, ನಾನೂ ನೋಡಲಿಲ್ಲ. "ನಾನು ಫೋನು ನೋಡೇ ಎರಡ್ ದಿನ ಆಯ್ತು ಅಣ್ಣಾ," ಅಂದಳು ಆ ಹುಡುಗಿ.

"ಹೋಗ್ಲಿ ಬಿಡೇ," ಅಂದರು ಅಕ್ಕ. "ಸತ್ತ ಸುದ್ದಿ ಹುಟ್ಟಿದ್ರೆ ಆಯಸ್ಸು ಬೆಳೀತೈತಂತೆ. ಈ ಮಂಡಿ ಕಟ್ಕಂಡು ಅಷ್ಟು ಆಯಸ್ಸು ಏನ್ ಮಾಡ್ಲಿ ಅನ್ನೋದೇ ಯೋಚ್ನೆ." ಮತ್ತೆ ಆ ಸಾಲಿಗೆ ಬೆರಳಿಟ್ಟರು. "ತಾಯಿಯಂತೆ ಅಂತ ಯಾಕ್ ಹಾಕ್ದೆ? ನಾನು ಅಳತೆಯೋಳು. ತಾಯಿ ಆಗಿದ್ರೆ ಇಪ್ಪತ್ತೊಂದ್ ಜನಕ್ಕೂ ಉಚ್ಚೆ ಹೊಯ್ಯಕ್ಕೆ ಜಾಗ ಹುಡುಕ್ತಾ ತಿರುಗ್ತಿದ್ನಾ? ಬಿಟ್ಬುಟ್ಟೆ, ನೆಮ್ದಿಯಾಗೈತೆ. ಇನ್ನೊಂದ್ ಸಲ ನನ್ ಹೆಸ್ರು ಎಲ್ಲಾದ್ರೂ ಬರ್ದೀಯಾ, ನೋಡು!" ಅನ್ನುತ್ತ ಫ್ಲೆಕ್ಸನ್ನು ಅಂಗಳದ ಬಿಸಿಲಿನಲ್ಲಿ ಫೋಟೊ ಕೆಳಗೆ ಮಾಡಿ ಹಾಸಿ, ಅದರ ಮೇಲೆ ಕಡಲೆಬೀಜ ಸುರಿದು ಹರಡಿದರು. ನಾನು ಗೋಡೆಗೆ ಒರಗಿ ನಕ್ಕೆ. ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದ ಅಂತಲೇ ಆ ಹುಡುಗಿ ಅಂದುಕೊಂಡಿರಬೇಕು.

ನೀರು ಕುಡಿದ ಮೇಲೆ, ಹುಡುಗಿ ಒಳಗೆ ಹೋದಾಗ, ಹೇಳಿದೆ. ಬಸ್ಸಿನಲ್ಲಿ ಜೋಡಿಸಿದ ಮಾತುಗಳು ಒಂದೂ ಬರಲಿಲ್ಲ. "ಅಕ್ಕಾ, ಅವತ್ತು ಅಮ್ಮ ಹತ್ತಿದಾಳೆ ಅಂದೋನು ನಾನು. ನೋಡ್ದೇನೇ ಅಂದೆ. ನಿಮ್ಮ ಕೆಲ್ಸ ಹೋಗಿದ್ದು ನನ್ನಿಂದ. ಓನರ್ ಕೇಳ್ದಾಗ್ಲೂ ಸುಮ್ನಿದ್ದೆ."

ಅಕ್ಕ ಮೊರದಿಂದ ಒಂದು ಹುಳುಕು ಬೀಜ ತೆಗೆದು ಎಸೆದರು. "ಗೊತ್ತು. ನೀನು ಹ್ಞೂ ಅಂದಿದ್ದು ನಂಗೆ ಕೇಳ್ಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸೇರು ತುಂಬ್ತಾ ಅಂತ ಗಿರಾಕೀನ ಕೇಳ್ತಾರೇನ್ಲಾ? ಮುಟ್ಟಿ ನೋಡೋಳು ನಾನು. ಪರದೆ ಸರಿಸ್ಲಿಲ್ಲ, ತಪ್ಪು ನಂದು. ನೀನು ಅದ್ನ ಮೂರ್ ವರ್ಷ ಹೊತ್ಕಂಡು ತಿರುಗ್ದ್ಯಾ? ಕತ್ತೆ."

ಯಾರೂ ನನ್ನನ್ನು ಅಷ್ಟು ಚೆನ್ನಾಗಿ ಬೈದದ್ದಿಲ್ಲ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಅಕ್ಕ ಮೊರ ಕೆಳಗಿಟ್ಟರು.

"ನೀನ್ ಹೊತ್ಕಂಡಿದ್ದು ಬ್ಯಾರೆ. ನಾನ್ ಹೊತ್ಕಂಡಿದ್ದು ಬ್ಯಾರೆ. ನಿಮ್ಮಮ್ಮ ನನ್ ಹತ್ರ ಮಾತು ತಗಂಡಿದ್ಳು, ನನ್ ಮಗಂಗೆ ಹೇಳ್ಬ್ಯಾಡ ಅಂತ." ಅಂಗಳದಲ್ಲಿ ಹಾಸಿದ್ದ ಫ್ಲೆಕ್ಸಿನ ಕಡೆ ಗಲ್ಲ ತೋರಿಸಿದರು. "ನೀವೇ ನನ್ನ ಸಾಯಿಸಿದ್ದೀರ. ಸತ್ತೋಳಿಗೆ ಮಾತಿನ ಕಟ್ಟು ಇರಲ್ಲ. ಕೇಳು. ಜೈಪುರದಾಗೆ ಬೆಳಿಗ್ಗೆ ಅಕ್ಕಿ ತೊಳೀವಾಗ ಹೇಳಿದ್ಳು. ನಮ್ ಬಸ್ಸು ಹೊರಟಿದ್ದು ಅವ್ಳಿಗೆ ಕಾಣಿಸ್ತಂತೆ. ಆ ಬೇವಿನ ಮರದ ಕೆಳ್ಗೇ ನಿಂತಿದ್ಳು. ಎರಡು ಹೆಜ್ಜೆ ಓಡಿದ್ರೆ ಸಿಕ್ತಿತ್ತು. ಕೂಗಿದ್ರೆ ಡ್ರೈವರ್ಗೆ ಕೇಳ್ತಿತ್ತು. ಕೂಗ್ಲಿಲ್ಲ."

"ಕೂಗ್ಲಿಲ್ವಾ?"

"ಕೂಗ್ಲಿಲ್ಲ. ಹೋದ್ರೆ ಹೋಗ್ಲಿ, ಹೆಂಗೂ ವಾಪಸ್ ಬತ್ತಾರೆ, ಒಂದ್ ಗಳಿಗೆ ಒಬ್ಳೇ ಇರನಾ ಅಂತ ಕುತ್ಕಂಡ್ಳಂತೆ. ಸೊಂಟ್ದಾಗೆ ಚೀಟಿ ಇತ್ತಲ್ಲ, ಫೋನ್ ಯಾಕ್ ಬರ್ಲಿಲ್ಲ ಅಂತ ನೀನು ಒಂದ್ ಸಲಾನೂ ಯೋಚ್ನೆ ಮಾಡ್ಲಿಲ್ವಾ?"

ಮಾಡಿರಲಿಲ್ಲ. ಮೂರು ವರ್ಷದಲ್ಲಿ ಆ ಮಧ್ಯಾಹ್ನವನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೆನೋ, ಅದರಲ್ಲಿ ನಾನೊಬ್ಬನೇ ಇದ್ದೆ, ನನ್ನ ಹ್ಞೂ ಮಾತ್ರ ಇತ್ತು. ಅಮ್ಮನಿಗೆ ಅಲ್ಲಿ ಕಳೆದುಹೋಗುವುದು ಬಿಟ್ಟರೆ ಬೇರೆ ಕೆಲಸವನ್ನೇ ಕೊಟ್ಟಿರಲಿಲ್ಲ ನಾನು.

"ಓನರ್ ಹತ್ರ ನಿನ್ ಹೆಸ್ರು ಎತ್ತಿದ್ರೆ ನೀನು ಮನೆಗೋಗಿ ಅವ್ಳನ್ನ ಕೇಳ್ತಿದ್ದೆ, ಬಸ್ ಹೊರಟಾಗ ಎಲ್ಲಿದ್ದೆ, ಯಾಕ್ ಕೂಗ್ಲಿಲ್ಲ ಅಂತ," ಅಂದರು ಅಕ್ಕ. "ಆಮೇಲೆ ನೀವು ಅವ್ಳನ್ನ ಗುಡಿಗೂ ಬಿಡ್ತಿರ್ಲಿಲ್ಲ. ಅದಕ್ಕೇ ಬಾಯಿ ಮುಚ್ಕಂಡೆ."

"ಈಗ ಯಾಕೆ ಹೇಳಿದ್ರಿ?"

"ಈಗ್ಲೂ ಬಿಟ್ಟಿಲ್ವಲ್ಲ. ನಾನು ಸತ್ತೋದೆ ಅಂತ ಸುದ್ದಿ ಬಂದ್ರೂ ಅವ್ಳನ್ನ ಮನ್ಯಾಗೆ ಕೂರಿಸಿ ಬಂದಿದ್ದೀಯ." ಮೊರ ಮತ್ತೆ ಮಡಿಲಿಗೆ ಬಂತು. "ಹೋಗಿ ಅವ್ಳನ್ನ ಏನೂ ಕೇಳ್ಬ್ಯಾಡ. ನಾನು ಕೇಳ್ಲಿಲ್ಲ. ಒಬ್ಬಳ್ನೇ ಕಳ್ಸು. ಸತ್ತೋಳ್ನ ನೋಡ್ಕಂಡ್ ಹೋಗ್ಲಿ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು. "ಬದ್ಕಿದಾರೆ ಅಮ್ಮಾ. ಚೆನ್ನಾಗಿದಾರೆ. ಕಡ್ಲೆಬೀಜ ಹಸನು ಮಾಡ್ತಾ ಇದ್ರು," ಅಂದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಗು ಬಂತು, ಎದ್ದು ಹೋಗಿ ಎರಡು ದಿನದ ಊಟ ಒಂದೇ ಸಲಕ್ಕೆ ಮಾಡಿದಳು. ಮುದ್ದೆ ಮುರಿಯುತ್ತ, "ಇನ್ನೇನಂದ್ಳು?" ಎಂದಳು. ಕೈ ತಟ್ಟೆಯಲ್ಲೇ ನಿಂತಿತು.

"ನಿನ್ನ ಬರಕ್ಕೆ ಹೇಳಿದಾರೆ. ಒಬ್ಳೇ."

ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಎಷ್ಟು ತಿಳಿಯಿತೋ ನನಗೆ ತಿಳಿಯದು. ಕೇಳಲಿಲ್ಲ. ಅವಳೂ ಹೇಳಲಿಲ್ಲ. ನನ್ನ ಹೆಂಡತಿ ಅಡಿಗೆಮನೆಯಿಂದ, "ಒಬ್ರೇನಾ? ಮಾತ್ರೆ?" ಅಂದಾಗ ಅಮ್ಮ, "ಮಾತ್ರೆ ನುಂಗಕ್ಕೆ ಎಷ್ಟ್ ಜನ ಬೇಕಮ್ಮಾ?" ಅಂದಳು.

ಮರುದಿನ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಅಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಕಲ್ಯಾಣದುರ್ಗದ ಬಸ್ಸನ್ನು ತಾನೇ ಓದಿ ಹುಡುಕಿದಳು. ಕಂಬಿ ಹಿಡಿದು ಹತ್ತಿದಳು, ನನ್ನ ಕೈ ಗಾಳಿಯಲ್ಲೇ ಉಳಿಯಿತು. ಕಿಟಕಿಯ ಪಕ್ಕ ಕೂತು, ಹೆಂಗಸರ ಉಚಿತ ಟಿಕೆಟಿಗೆಂದು ಆಧಾರ್ ಕಾರ್ಡನ್ನು ಮೊದಲೇ ಕೈಯಲ್ಲಿ ಹಿಡಿದಿಟ್ಟುಕೊಂಡಳು. ಕಂಡಕ್ಟರನ್ನು ಕರೆದು, "ಸಾರ್, ನಮ್ಮಮ್ಮನ್ನ ಸ್ವಲ್ಪ..." ಅನ್ನುತ್ತಿದ್ದೆ.

"ಯಾಕಪ್ಪಾ, ನಂಗೆ ಬಾಯಿಲ್ವಾ?" ಅಂದಳು ಕಿಟಕಿಯಿಂದ. ಕಂಡಕ್ಟರ್ ನಕ್ಕು ಸೀಟಿ ಊದಿದ.

ಬಸ್ಸು ಗೇಟಿನ ಕಡೆ ತಿರುಗುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿನ ಜೊತೆ ಮಾತು ಶುರುವಾಗಿತ್ತು. ಯಾವೂರು, ಯಾರ ಮನೆ, ಎಷ್ಟು ಮಕ್ಕಳು ಎಂದು ಕೇಳುತ್ತಿದ್ದಿರಬೇಕು. ಅಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಸ್ಟ್ಯಾಂಡಿನ ನಟ್ಟನಡುವೆ ನಗುತ್ತ ನಿಂತಿದ್ದೆ, ಹಿಂದಿನ ಬಸ್ಸಿನವನು ಹಾರನ್ ಹೊಡೆದು, "ಅಣ್ಣಾ, ಜರುಗು," ಎಂದು ಕೂಗುವವರೆಗೆ.